ಎಂಟೂ ದೀಪ ಹತ್ತಿದ್ದವು

ಪ್ರತಿಯೊಂದು ಕಸುಬಿಗೂ ಅದರದೇ ಆದ ಒಂದು ಸೊಕ್ಕು ಇರುತ್ತದೆ. ಅಕ್ಕಸಾಲಿಗನಿಗೆ ಒರೆಗಲ್ಲಿನ ಸೊಕ್ಕು. ನಾಡಿ ಹಿಡಿಯುವ ಪಂಡಿತನಿಗೆ ಬೆರಳಿನ ಸೊಕ್ಕು. ಕಂಪ್ಯೂಟರ್ ರಿಪೇರಿಯಿಂದ ಹೊಟ್ಟೆ ಹೊರೆಯುತ್ತಿದ್ದ ನನಗೆ ಅಂಗೈಯಗಲದ ಒಂದು ಕರಿ ಡಬ್ಬಿಯ ಸೊಕ್ಕು ಇತ್ತು. ಕೇಬಲ್ಲಿನ ಒಂದು ತುದಿಯನ್ನು ಅದಕ್ಕೆ, ಇನ್ನೊಂದು ತುದಿಯನ್ನು ಅದರ ಮರಿಗೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ಹಸಿರು ದೀಪಗಳು ಸಾಲಾಗಿ ಹತ್ತುತ್ತಿದ್ದವು. ಎಂಟೂ ಹತ್ತಿದರೆ ಕೇಬಲ್ ಸರಿ. ಯಾವುದಾದರೂ ಒಂದು ಹತ್ತದಿದ್ದರೆ ತಪ್ಪು. ಇಷ್ಟು ಸರಳವಾದ ನ್ಯಾಯಸ್ಥಾನ ಲೋಕದಲ್ಲಿ ಬೇರೊಂದಿಲ್ಲ ಎಂದೇ ನಾನು ಬಹುಕಾಲ ನಂಬಿದ್ದೆ.

ಗೌರಿಬಿದನೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹತ್ತಡಿಗೆ ಎಂಟಡಿಯ ಅಂಗಡಿ ನನ್ನದು. ಶುರು ಮಾಡಿದ್ದು 1999ರಲ್ಲಿ. ಆಗ ನಮ್ಮದು ಇನ್ನೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಊರಿನಲ್ಲಿ ಕಂಪ್ಯೂಟರ್ ಇದ್ದ ಜಾಗಗಳನ್ನು ಬೆರಳು ಮಡಚಿ ಎಣಿಸಬಹುದಾಗಿತ್ತು. ಹಾಗೆಂದು ನಮ್ಮ ಊರು ವಿಜ್ಞಾನಕ್ಕೆ ಹೊಸದು ಎಂದು ಯಾರೂ ಭಾವಿಸಬಾರದು. 1965ರಿಂದಲೂ ಇಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರ ಭೂಕಂಪ ಮಾಪಕಗಳ ಸಾಲು ನೆಲದೊಳಗಿನ ನಡುಕಕ್ಕೆ ಕಿವಿಗೊಟ್ಟು ಕೂತಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಯವರು ಎಪ್ಪತ್ತರ ದಶಕದಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಹೊಲಗಳ ನಡುವೆ ಹರಡಿಕೊಂಡಿತ್ತು. ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ಉದ್ದ, ಒಟ್ಟು ಸಾವಿರ ಆಂಟೆನಾಗಳು. ಹುಡುಗರಾಗಿದ್ದಾಗ ಅದನ್ನು ಬಟ್ಟೆ ಒಣಗಿಸಲು ಕಟ್ಟಿದ ಕಂಬಗಳೆಂದು ನಾವು ತಮಾಷೆ ಮಾಡುತ್ತಿದ್ದೆವು. ಆಕಾಶದಿಂದ ಬರುವ ಪಿಸುಮಾತನ್ನು ಭೂಮಿಯ ಗದ್ದಲದಿಂದ ಬೇರ್ಪಡಿಸಿ ಕೇಳುವುದೇ ಅದರ ಕೆಲಸ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಕಾಲೇಜು ಎಂದರೆ ನಮ್ಮೂರಿನ ನ್ಯಾಷನಲ್ ಕಾಲೇಜು. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ಡಾ. ಎಚ್. ನರಸಿಂಹಯ್ಯನವರ ನೆರಳಿದ್ದ ಕಾಲೇಜು. ಪ್ರಶ್ನೆ ಕೇಳುವುದು ಅಲ್ಲಿ ಅವಿಧೇಯತೆಯಾಗಿರಲಿಲ್ಲ, ಪಾಠವೇ ಆಗಿತ್ತು. ನಾನೂ ಆ ಪಾಠ ಕಲಿತವನೇ. ಭೂತ, ಭವಿಷ್ಯ, ಬೂದಿ ಎಲ್ಲವನ್ನೂ ಪ್ರಶ್ನಿಸಿದೆ. ನನ್ನ ಕರಿ ಡಬ್ಬಿಯನ್ನು ಮಾತ್ರ ಪ್ರಶ್ನಿಸಲಿಲ್ಲ.

ಮಾರುಕಟ್ಟೆ ಪ್ರಾಂಗಣದ ಒಂದು ಮಂಡಿ ನನ್ನ ದೊಡ್ಡ ಗಿರಾಕಿ. ಮುಸುಕಿನ ಜೋಳ, ಕಡ್ಲೆಕಾಯಿ, ಕಾಲ ಬಂದಾಗ ಹುಣಸೆಹಣ್ಣು. ಹಿಂದೂಪುರದ ಕಡೆಯಿಂದಲೂ ಮಾಲು ಬರುತ್ತಿತ್ತು. ಹರಾಜು ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ ನಡೆಯುವ ಜಾಗ ಅದು. ಸಾವ್ಕಾರರು ಹೊಸತನ್ನು ಇಷ್ಟಪಡುವವರು. 2000ದಲ್ಲೇ ಮೂರು ಕಂಪ್ಯೂಟರ್ ಹಾಕಿಸಿ, ಲೆಕ್ಕವನ್ನೆಲ್ಲ ಅದಕ್ಕೇರಿಸಿದ್ದರು. ಆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿದವನು ನಾನು.

ಜೋಡಿಸುವುದು ಎಂದರೇನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಪ್ರತಿ ಕಂಪ್ಯೂಟರಿನ ಹೊಟ್ಟೆಯಲ್ಲೂ ನೆಟ್‌ವರ್ಕ್ ಕಾರ್ಡ್ ಎಂಬ ಹಸಿರು ಹಲಗೆ ಇರುತ್ತದೆ. ಯಂತ್ರದ ಬಾಯಿ, ಕಿವಿ ಎರಡೂ ಅದೇ. ಅದು ಆಡುವ ಭಾಷೆಯ ಹೆಸರು ಈಥರ್‌ನೆಟ್. ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ 1973ರಲ್ಲಿ ಬಾಬ್ ಮೆಟ್‌ಕಾಫ್ ಎಂಬಾತ ಅದಕ್ಕೆ ಆ ಹೆಸರಿಟ್ಟ. ಬೆಳಕು ಹರಿಯಲು ಆಕಾಶದ ತುಂಬ 'ಈಥರ್' ಎಂಬ ವಸ್ತುವಿದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರಲ್ಲ, ಅದೇ ಹೆಸರು. ಆ ಈಥರ್ ಸುಳ್ಳೆಂದು ಗೊತ್ತಾಗಿ ಎಷ್ಟೋ ವರ್ಷವಾಗಿದ್ದರೂ ಹೆಸರು ಮಾತ್ರ ನಮ್ಮ ತಂತಿಗಳಲ್ಲಿ ಉಳಿದುಕೊಂಡಿದೆ. ಸಾವ್ಕಾರರ ಮಂಡಿಯಲ್ಲಿ ಈ ತಂತಿಗಳೆಲ್ಲ ಬಂದು ಸೇರುತ್ತಿದ್ದದ್ದು ಒಂದು ಹಬ್ಬಿಗೆ. ಹಬ್ ಎಂದರೆ ಅರಳಿಕಟ್ಟೆಯ ಪಂಚಾಯಿತಿ ಇದ್ದಂತೆ. ಒಬ್ಬ ಮಾತಾಡಿದರೆ ಎಲ್ಲರೂ ಕೇಳಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ, ಸ್ವಲ್ಪ ತಡೆದು ಮತ್ತೆ ಶುರು ಮಾಡಬೇಕು. ನಿಧಾನ, ಆದರೆ ಗಲಾಟೆಯಿಲ್ಲ. ಮೂರು ವರ್ಷ ಒಂದು ತಕರಾರೂ ಬರಲಿಲ್ಲ.

2003ರ ದೀಪಾವಳಿಗೆ ಸಾವ್ಕಾರರು ಹೊಸ ಸರ್ವರ್ ತರಿಸಿದರು. ಹಿಂದಿನದಕ್ಕಿಂತ ಹತ್ತುಪಟ್ಟು ವೇಗದ ನೆಟ್‌ವರ್ಕ್ ಕಾರ್ಡು, ಹಬ್ಬಿನ ಜಾಗಕ್ಕೆ ಸ್ವಿಚ್ಚು. ಸ್ವಿಚ್ಚೆಂದರೆ ಟೆಲಿಫೋನ್ ಎಕ್ಸ್‌ಚೇಂಜು. ಯಾರು ಯಾರೊಡನೆ ಮಾತಾಡಬೇಕೋ ಅವರನ್ನಷ್ಟೇ ಜೋಡಿಸುತ್ತದೆ. ಒಂದು ಯಂತ್ರ ಮಾತಾಡುತ್ತಲೇ ಕೇಳಬಹುದು, ಕೇಳುತ್ತಲೇ ಮಾತಾಡಬಹುದು. ಸರ್ವರನ್ನು ಹಿಂಬದಿಯ ಸಾವ್ಕಾರರ ಕೋಣೆಯಲ್ಲಿ ಬೀಗದೊಳಗೆ ಇಟ್ಟೆವು. ಸ್ವಿಚ್ಚು ಮುಂದಿನ ಗಲ್ಲಾದ ಬಳಿ. ನಡುವೆ ಗೋದಾಮು. ಗೋದಾಮಿನ ತೊಲೆಗಳ ಮೇಲೆ ನಾನು ಹಿಂದೆಯೇ ಎಳೆದಿದ್ದ ನಲವತ್ತೈದು ಮೀಟರ್ ಕೇಬಲ್ ಹಾಗೇ ಇತ್ತು. ಅದನ್ನೇ ಹೊಸ ಕಾರ್ಡಿಗೆ ಸಿಕ್ಕಿಸಿದೆ. ಡಬ್ಬಿ ಹಚ್ಚಿ ನೋಡಿದೆ. ಎಂಟೂ ದೀಪ ಹತ್ತಿದವು. ಬಿಲ್ ಬರೆದುಕೊಟ್ಟು ಮನೆಗೆ ಹೋದೆ.

ವಾರದೊಳಗೆ ಫೋನು. 'ಅಣ್ಣಾ, ಸರ್ವರ್ ಹೋಯ್ತು.' ಕಂಪ್ಯೂಟರಿನ ಮುಂದೆ ಕೂರುವ ಹುಡುಗಿಯ ದನಿ. ನಾನು ಸೈಕಲ್ ಹತ್ತಿ ಹೋಗುವಷ್ಟರಲ್ಲಿ ಸರ್ವರ್ ತಾನಾಗಿಯೇ ಬಂದಿರುತ್ತಿತ್ತು. ಡಾಕ್ಟರ ಮನೆಯ ಹೊಸಲು ತುಳಿಯುತ್ತಲೇ ನಿಂತುಹೋಗುವ ಕೆಮ್ಮಿನ ಹಾಗೆ.

ಇಂಥ ಕಾಯಿಲೆಗೆ ನಮ್ಮ ಕಸುಬಿನಲ್ಲಿ ಒಂದು ಕ್ರಮ ಇದೆ. ಮೊದಲು ಯಂತ್ರ ತನ್ನನ್ನೇ ತಾನು ಕೂಗಿಕೊಳ್ಳಬೇಕು. ಅದಕ್ಕೆ 127.0.0.1 ಎಂಬ ವಿಳಾಸವಿದೆ. ಆಮೇಲೆ ಪಕ್ಕದ ಯಂತ್ರವನ್ನು 'ಇದ್ದೀಯಾ?' ಎಂದು ಕೇಳಬೇಕು. ಅದು 'ಇದ್ದೀನಿ' ಅನ್ನಬೇಕು. ಇದಕ್ಕೆ ಪಿಂಗ್ ಎನ್ನುತ್ತಾರೆ. ನೂರು ಸಲ ಕೇಳಿಸಿದೆ. ನೂರು ಸಲವೂ ಉತ್ತರ ಬಂತು. ಕಾರ್ಡಿನ ಡ್ರೈವರ್ ಬದಲಿಸಿದೆ. ವಿದ್ಯುತ್ ಉಳಿಸಲು ಕಾರ್ಡನ್ನು ನಿದ್ದೆಗೆ ಕಳಿಸುವ ಒಂದು ಗುರುತು ಇರುತ್ತದೆ, ಅದನ್ನು ತೆಗೆದೆ. ಒಂದೇ ವಿಳಾಸ ಎರಡು ಯಂತ್ರಕ್ಕೆ ಬಿದ್ದಿದೆಯೋ ನೋಡಿದೆ. ಕಾರ್ಡನ್ನು ಬಿಚ್ಚಿ, ಚಿನ್ನದ ಬಣ್ಣದ ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಬೇರೆ ಸ್ಲಾಟಿನಲ್ಲಿ ಕೂರಿಸಿದೆ. ಕೊನೆಗೆ ಕಾರ್ಡನ್ನೇ ಬದಲಿಸಿದೆ. ಎರಡು ದಿನ ನೆಟ್ಟಗಿದ್ದು ಮತ್ತೆ ಹೋಯಿತು. ಇನ್ನೊಂದು ಕಾರ್ಡ್ ಹಾಕಿದೆ. ಹೀಗೆ ಎರಡು ಕಾರ್ಡುಗಳನ್ನು ಕಳಂಕ ಹೊರಿಸಿ ಮೂಲೆಗೆಸೆದೆ. ಅವೆರಡೂ ನಿರ್ದೋಷಿಗಳಾಗಿದ್ದವು. ಅದು ತಿಳಿದದ್ದು ಆಮೇಲೆ.

ಆ ಮಂಡಿಯಲ್ಲಿ ಲೆಕ್ಕ ನೋಡುತ್ತಿದ್ದವರು ಅರವತ್ತೈದು ದಾಟಿದ ಒಬ್ಬರು. ಪ್ರಾಂಗಣದವರೆಲ್ಲ ಅವರನ್ನು ಅಯ್ನೋರೆಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಒಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತಗಿರಿ ಮಾಡಿ, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಹುಡುಗಿ ಕಂಪ್ಯೂಟರಿಗೆ ಲೆಕ್ಕ ಏರಿಸಿದರೆ ಅಯ್ನೋರು ಪೆಟ್ಟಿಗೆಯಿಂದ ರೈತರಿಗೆ ಹಣ ಎಣಿಸಿ ಕೊಡುವರು. ಗಿರಣಿಯಲ್ಲಿ ಕರೆಂಟ್ ಹೋದ ಬಂದ ಹೊತ್ತನ್ನು ಬರೆದಿಡುವ ಅಭ್ಯಾಸವಿತ್ತಂತೆ. ಅದೇ ಅಭ್ಯಾಸದಿಂದ ಇಲ್ಲಿಯೂ ಉದ್ದನೆಯ ಕಚ್ಚಾ ಪುಸ್ತಕದಲ್ಲಿ ಕೊಟ್ಟ ಹಣ, ರೈತನ ಊರು, ಅಂಚಿನಲ್ಲಿ ಗಂಟೆ ನಿಮಿಷ ಬರೆದುಕೊಳ್ಳುತ್ತಿದ್ದರು. ಸಾವ್ಕಾರರು 'ಕಂಪ್ಯೂಟರ್ ಇರೋವಾಗ ಇದ್ಯಾಕೆ ಅಯ್ನೋರೆ' ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಹೊಸ ಸರ್ವರ್ ಬಂದ ಮೇಲೆ ಪೆಟ್ಟಿಗೆಯಲ್ಲಿ ಹಣ ಕಡಿಮೆ ಬರತೊಡಗಿತು. ಒಂದು ದಿನ ಆರು ನೂರು, ಇನ್ನೊಂದು ದಿನ ಸಾವಿರದ ನೂರು. ಕಂಪ್ಯೂಟರಿನ ಪ್ರಕಾರ ಇರಬೇಕಾದ ಹಣಕ್ಕಿಂತ ಕೈಯಲ್ಲಿರುವ ಹಣ ಕಡಿಮೆ. ಅಂದರೆ ಯಾರಿಗೋ ಹಣ ಹೋಗಿದೆ, ಅದರ ಖರ್ಚು ದಾಖಲಾಗಿಲ್ಲ. ಐದು ವಾರದಲ್ಲಿ ಹದಿನಾಲ್ಕು ಸಾವಿರದ ಆರುನೂರು ರೂಪಾಯಿ. ಅಯ್ನೋರ ಐದು ತಿಂಗಳ ಸಂಬಳಕ್ಕಿಂತ ಹೆಚ್ಚು.

ಡಿಸೆಂಬರಿನ ಒಂದು ಶನಿವಾರ ಸಂಜೆ ಸಾವ್ಕಾರರು ನನ್ನನ್ನು ಕರೆಸಿದರು. ಗಲ್ಲಾದ ಮುಂದೆ ಅಯ್ನೋರು ನಿಂತಿದ್ದರು. ಹುಡುಗಿ ಅಳುವ ಹಾಗಿದ್ದಳು. ಐದಾರು ಹಮಾಲಿಗಳು, ದುಡ್ಡಿಗೆ ಕಾದಿದ್ದ ಇಬ್ಬರು ರೈತರು ಸುಮ್ಮನೆ ನೋಡುತ್ತಿದ್ದರು. 'ನಾನು ಸೇವ್ ಕೊಟ್ಟೆ ಅಣ್ಣಾ, ಎಲ್ಲಾದಕ್ಕೂ ಕೊಟ್ಟೆ' ಎಂದಳು ಹುಡುಗಿ. 'ನಾನು ಕೊಟ್ಟಿರೋದೆಲ್ಲ ಪುಸ್ತಕದಲ್ಲಿದೆ' ಎಂದರು ಅಯ್ನೋರು. 'ಪುಸ್ತಕ ನೀವು ಬರೆಯೋದು. ಏನು ಬೇಕಾದ್ರೂ ಬರೀಬಹುದು' ಎಂದರು ಸಾವ್ಕಾರರು. ನನ್ನ ಕಡೆ ತಿರುಗಿ, 'ಏನಪ್ಪಾ, ಮಿಷನ್ನು ಲೆಕ್ಕ ತಿನ್ನುತ್ತಾ? ನಿನ್ನ ಲೈನಲ್ಲಿ ಏನಾದ್ರೂ ತೊಂದ್ರೆ ಐತಾ? ಎಲ್ಲರ ಮುಂದೇನೇ ಹೇಳು' ಎಂದರು.

ಆಗ 'ನೋಡಬೇಕು' ಎಂದು ನಾನು ಹೇಳಬಹುದಿತ್ತು. ಸರ್ವರ್ ನಡುನಡುವೆ ಹೋಗುತ್ತಿದೆ, ಕಾರಣ ನನಗೆ ಸಿಕ್ಕಿಲ್ಲ ಎಂಬುದೇ ನಿಜವಾದ ಉತ್ತರವಾಗಿತ್ತು. ಆದರೆ ಹಾಗೆಂದರೆ ಎರಡು ಕಾರ್ಡಿನ ಹಣ ಯಾಕೆ ತೆಗೆದುಕೊಂಡೆ ಎಂಬ ಪ್ರಶ್ನೆ ಬರುತ್ತಿತ್ತು. ನಾನು ಚೀಲದಿಂದ ಕರಿ ಡಬ್ಬಿ ತೆಗೆದು ಕೇಬಲ್ಲಿಗೆ ಹಚ್ಚಿದೆ. ಹಸಿರು ದೀಪಗಳು ಒಂದಾದ ಮೇಲೊಂದು ಹತ್ತಿದವು. ಹಮಾಲಿಗಳು ಬಾಗಿ ನೋಡಿದರು. 'ಲೈನ್ ಸರಿಯಾಗಿದೆ ಸಾವ್ಕಾರ್ರೆ. ಕಾರ್ಡೂ ಹೊಸದು. ಮಿಷನ್ನು ಸುಳ್ಳು ಹೇಳಲ್ಲ' ಎಂದೆ.

ಅಯ್ನೋರು ನನ್ನನ್ನು ಬಯ್ಯಲಿಲ್ಲ. ಪೆಟ್ಟಿಗೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಕೊಡೆ, ಊಟದ ಡಬ್ಬಿ ತೆಗೆದುಕೊಂಡರು. ಕಚ್ಚಾ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು.

ರಾತ್ರಿ ನಿದ್ದೆ ಹತ್ತಲಿಲ್ಲ. ಭಾನುವಾರ ಪ್ರಾಂಗಣಕ್ಕೆ ರಜೆ. ಸಾವ್ಕಾರರ ಮನೆಯಿಂದ ಬೀಗದ ಕೈ ಇಸಿದುಕೊಂಡು ಹೋಗಿ ಒಬ್ಬನೇ ಕೂತೆ. ಈ ಸಲ ಪಿಂಗಿನ ಚಿಕ್ಕ ಕೂಗನ್ನು ಬಿಟ್ಟು, ಒಂದು ದೊಡ್ಡ ಫೈಲನ್ನು ಮುಂದಿನ ಮೂರು ಯಂತ್ರಗಳಿಂದಲೂ ಒಟ್ಟಿಗೆ ಸರ್ವರಿಗೆ ಕಳಿಸುತ್ತ, ಅದೇ ಹೊತ್ತಿನಲ್ಲಿ ಸರ್ವರಿನಿಂದ ಇನ್ನೊಂದನ್ನು ಈಚೆಗೆ ಎಳೆದೆ. ಹತ್ತು ನಿಮಿಷ ಆಗಿರಲಿಲ್ಲ, ಕೊಂಡಿ ಕಳಚಿತು. ಮತ್ತೆ ಮಾಡಿದೆ. ಮತ್ತೆ ಕಳಚಿತು. ಸಂಜೆಯ ನೂಕುನುಗ್ಗಲಿನಲ್ಲಿ ಆಗುತ್ತಿದ್ದದ್ದು ಇದೇ. ನಾನು ಬಂದು ನೋಡುತ್ತಿದ್ದದ್ದು ಗಲಾಟೆ ಮುಗಿದ ಮೇಲೆ. ಸರ್ವರನ್ನೇ ಹೊತ್ತು ತಂದು ಗಲ್ಲಾದ ಪಕ್ಕ ಇಟ್ಟು, ಎರಡು ಮೀಟರಿನ ಸಿದ್ಧ ಕೇಬಲ್ ಸಿಕ್ಕಿಸಿ ಅದೇ ಪರೀಕ್ಷೆ ಮಾಡಿದೆ. ಮೂರು ಗಂಟೆ ಕಾಲ ಒಂದು ಸಲವೂ ತಪ್ಪಲಿಲ್ಲ. ಮೂಲೆಗೆಸೆದಿದ್ದ ಹಳೆಯ ಕಾರ್ಡುಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಅವೂ ತಪ್ಪಲಿಲ್ಲ. ಉಳಿದದ್ದು ತೊಲೆಯ ಮೇಲಿನ ಕೇಬಲ್ಲೊಂದೇ. ಡಬ್ಬಿ ಹಚ್ಚಿದೆ. ಎಂಟೂ ದೀಪ ಹತ್ತಿದವು.

ಸೋಮವಾರ ಕೇಬಲ್ಲಿನ ಒಂದು ತುದಿಯನ್ನು ಗೇಣುದ್ದ ಕತ್ತರಿಸಿಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆ. ಎಸ್.ಪಿ. ರಸ್ತೆಯಲ್ಲಿ ನಾನು ಸಾಮಾನು ಕೊಳ್ಳುತ್ತಿದ್ದ ಅಂಗಡಿಯಲ್ಲಿ ತಂತಿ ಅಳೆದು ಕೊಡುವ ಒಬ್ಬ ಹಿರಿಯರಿದ್ದರು. ತುಂಡನ್ನು ಕೈಗೆ ತೆಗೆದುಕೊಂಡು, ಕನ್ನಡಕ ಮೇಲೇರಿಸಿ ಜಾಕಿನ ಪಾರದರ್ಶಕ ಮೈಯನ್ನು ಒಂದು ಗಳಿಗೆ ನೋಡಿದರು. 'ಹೂವು ಕಟ್ಟಿದ ಹಾಗೆ ಬಣ್ಣ ನೋಡಿ ಕಟ್ಟಿದ್ದೀಯಲ್ಲಪ್ಪ' ಎಂದರು.

ವಿಷಯ ಇಷ್ಟೇ. ಕೇಬಲ್ಲಿನೊಳಗೆ ಎಂಟು ಎಳೆ, ಎರಡೆರಡು ಹೊಸೆದ ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಬಿಳಿ ಪಟ್ಟೆಯ ಸಂಗಾತಿ. ಹೊಸೆಯುವುದು ಅಂದಕ್ಕಲ್ಲ. ಹೊರಗಿನ ಗದ್ದಲ ಎರಡೂ ಎಳೆಗೆ ಸಮನಾಗಿ ತಗುಲಿ ಒಂದಕ್ಕೊಂದು ಕಳೆದುಹೋಗಲಿ ಎಂಬುದಕ್ಕೆ. ದೂರವಾಣಿಯ ಗ್ರಹಾಂ ಬೆಲ್ 1881ರಲ್ಲೇ ಕಂಡುಕೊಂಡ ಉಪಾಯ ಅದು. ಜಾಕಿನಲ್ಲಿ ಒಂದು ಮತ್ತು ಎರಡನೆಯ ಮನೆ ಸೇರಿ ಒಂದು ಮಾತು. ಮೂರು ಮತ್ತು ಆರನೆಯ ಮನೆ ಸೇರಿ ಇನ್ನೊಂದು ಮಾತು. ಆದ್ದರಿಂದ ಹಸಿರಿನ ಜೋಡಿಯನ್ನು ಬಿಡಿಸಿ ಮೂರಕ್ಕೊಂದು ಆರಕ್ಕೊಂದು ಹಾಕಿ, ನಡುವೆ ನೀಲಿಯ ಜೋಡಿಯನ್ನು ಕೂರಿಸಬೇಕು. 2000ದಲ್ಲಿ ನನಗೆ ಅದು ತಿಳಿದಿರಲಿಲ್ಲ. ಜೋಡಿ ಜೋಡಿಯಾಗಿ ಸಾಲಾಗಿ ಎರಡೂ ತುದಿಯಲ್ಲಿ ಒಂದೇ ರೀತಿ ಹಾಕಿದ್ದೆ. ಹೀಗಾಗಿ ಮೂರರಲ್ಲಿ ಬಿಳಿಹಸಿರು, ಆರರಲ್ಲಿ ನೀಲಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಎಳೆಗಳು ಒಂದು ಮಾತನ್ನು ಹೊರುತ್ತಿದ್ದವು. ಡಬ್ಬಿ ನೋಡುವುದು ಒಂದರಿಂದ ಒಂದಕ್ಕೆ, ಎರಡರಿಂದ ಎರಡಕ್ಕೆ ದಾರಿ ಇದೆಯೇ ಎಂದಷ್ಟೇ. ಯಾವುದು ಯಾವುದರ ಸಂಗಾತಿ ಎಂದು ಅದು ಕೇಳುವುದಿಲ್ಲ. ಆಮೇಲೆ ಸರಿಯಾದ ಕ್ರಮ ಕಲಿತು ಬೇರೆಡೆಯೆಲ್ಲ ಹಾಗೇ ಮಾಡುತ್ತಿದ್ದೆ. ತೊಲೆಯ ಮೇಲಿನ ಹಳೆಯದನ್ನು ಮಾತ್ರ ನೆನೆಯಲಿಲ್ಲ.

ಸರ್ವರಿನ ಕಡೆ ಮೂರು, ಆರು ಕೇಳುವ ಮನೆಗಳು. ಅಂದರೆ ಕೆಟ್ಟಿದ್ದದ್ದು ಸರ್ವರಿನ ಕಿವಿ. ಹಬ್ ಇದ್ದ ಕಾಲದಲ್ಲಿ ಅದು ಕೇಳುವಾಗ ಮಾತಾಡುತ್ತಿರಲಿಲ್ಲ, ವೇಗವೂ ಕಡಿಮೆ. ಹೇಗೋ ನಡೆಯಿತು. ಸ್ವಿಚ್ ಬಂದ ಮೇಲೆ ಕೇಳುತ್ತಲೇ ಮಾತಾಡತೊಡಗಿತು. ಅದರ ಸ್ವಂತ ದನಿಯೇ ಪಕ್ಕದ ಎಳೆಗೆ ಹಾರಿ ಅದರ ಕಿವಿಯನ್ನೇ ತುಂಬಿತು. ಕೆಟ್ಟು ಬಂದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಳ್ಳುವ ಏರ್ಪಾಟು ಯಂತ್ರಗಳಿಗಿದೆ. ಆದರೆ ಕೆಡುವುದೇ ಹೆಚ್ಚಾದರೆ ಕೊಂಡಿ ಕಳಚುತ್ತದೆ. ಆ ಗಳಿಗೆಯಲ್ಲಿ ಹುಡುಗಿ ಸೇವ್ ಒತ್ತಿದ್ದ ಲೆಕ್ಕ ಸರ್ವರಿಗೆ ತಲುಪುತ್ತಲೇ ಇರಲಿಲ್ಲ. ಪರದೆ ಹೆಪ್ಪುಗಟ್ಟುತ್ತಿತ್ತು. ಹುಡುಗಿ ಅದನ್ನು ಆರಿಸಿ ಹತ್ತಿಸಿ, ಸಾಲಿನಲ್ಲಿ ನಿಂತ ಮುಂದಿನ ರೈತನನ್ನು ಕರೆಯುತ್ತಿದ್ದಳು. ಅತ್ತ ಅಯ್ನೋರು ಹಣ ಕೊಟ್ಟಾಗಿರುತ್ತಿತ್ತು.

ಅಂದು ರಾತ್ರಿಯೇ ಹೊಸ ಜಾಕ್ ಹಾಕಿ, ಎಳೆಗಳನ್ನು ಸರಿಯಾಗಿ ಜೋಡಿಸಿ, ಸರ್ವರನ್ನು ಅದರ ಕೋಣೆಗೆ ಸೇರಿಸಿದೆ. ಯಾರಿಗೂ ಏನೂ ಹೇಳಲಿಲ್ಲ. ರಿಪೇರಿ ಆಯಿತಲ್ಲ, ಇನ್ನು ತಾನಾಗಿ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋದದ್ದು ಲೆಕ್ಕ ಮಾತ್ರ. ಗುರುವಾರ ಬೇರೇನೋ ಕೆಲಸಕ್ಕೆ ಹೋದಾಗ ಸಾವ್ಕಾರರು ಕಾಫಿ ತರಿಸಿ, 'ನೋಡ್ದೇನಪ್ಪಾ, ಅಯ್ನೋರು ಹೋದ್ಮೇಲೆ ಒಂದ್ ರೂಪಾಯಿ ಕಮ್ಮಿ ಬಂದಿಲ್ಲ. ಇನ್ನೇನು ಸಾಕ್ಷಿ ಬೇಕು?' ಎಂದರು. ಅವರ ಮಾತಿನಲ್ಲಿ ಗೆಲುವಿರಲಿಲ್ಲ, ಬೇಸರವಿತ್ತು. ಅದರಿಂದಲೇ ನನಗೆ ಕಾಫಿ ಇಳಿಯಲಿಲ್ಲ. ಶನಿವಾರ ಆಡಿದ್ದು ಅಜ್ಞಾನದ ಮಾತು. ಸೋಮವಾರದ ನನ್ನ ಮೌನ ಅಜ್ಞಾನವಾಗಿರಲಿಲ್ಲ. ಗುಟ್ಟಾಗಿ ರಿಪೇರಿ ಮಾಡಿ, ಕಳ್ಳನಲ್ಲದವರನ್ನು ಕಳ್ಳರೆಂದು ನಾನೇ ರುಜುವಾತು ಮಾಡಿಟ್ಟಿದ್ದೆ.

ಆದರೂ ಇನ್ನೊಂದು ವಾರ ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಅಂಗಡಿಯ ಬಾಡಿಗೆ, ಊರಿನಲ್ಲಿ ಹೆಸರು, ಇದ್ದ ಒಬ್ಬನೇ ದೊಡ್ಡ ಗಿರಾಕಿ, ಹೀಗೆ ಕಾರಣಗಳು ಸಾಲುಗಟ್ಟಿ ಬಂದವು. ಆ ಸಾಲೂ ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ನಾನು ಕಟ್ಟಿದ್ದ ಬಣ್ಣದ ಎಳೆಗಳ ಹಾಗೆ. ಒಂದು ಬೆಳಿಗ್ಗೆ ಹಾಲು ತರುವಾಗ ಅಯ್ನೋರು ಎದುರು ಬಂದರು. 'ಚೆನ್ನಾಗಿದ್ದೀಯಾ ಮರಿ?' ಎಂದು ಕೇಳಿ ಮುಂದೆ ಹೋದರು. ಅಂದೇ ಸಾವ್ಕಾರರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ವ್ಯಾಪಾರಸ್ಥರು ಕೇಳುವ ಪ್ರಶ್ನೆಯನ್ನೇ ಕೇಳಿದರು. 'ಇದಕ್ಕೆ ರುಜು ಏನೈತೆ?'

ರುಜು ಇತ್ತು. ಕೊಂಡಿ ಕಳಚಿದಾಗಲೆಲ್ಲ ಸರ್ವರ್ ತನ್ನ ದಿನಚರಿಯಲ್ಲಿ ಹೊತ್ತನ್ನು ಗುರುತು ಹಾಕಿಕೊಳ್ಳುತ್ತದೆ. ನಾನು ಹೋದಾಗ ಅದರಲ್ಲಿ ಹನ್ನೊಂದು ದಿನದ ದಾಖಲೆ ಉಳಿದಿತ್ತು. ಹುಡುಗಿಯನ್ನು ಕಳಿಸಿ ಅಯ್ನೋರ ಕಚ್ಚಾ ಪುಸ್ತಕ ತರಿಸಿದೆವು. ಅವರು ಒಂದು ಮಾತೂ ಕೇಳದೆ ಕೊಟ್ಟು ಕಳಿಸಿದ್ದರು. ಆ ಹನ್ನೊಂದು ದಿನದಲ್ಲಿ ಪುಸ್ತಕದಲ್ಲಿದ್ದು ಕಂಪ್ಯೂಟರಿನಲ್ಲಿಲ್ಲದ ಪಾವತಿಗಳು ಒಂಬತ್ತು. ಹೊತ್ತು ತಾಳೆ ನೋಡಿದರೆ ಒಂದೂ ಕೂಡಲಿಲ್ಲ. ಎಲ್ಲವೂ ನಾಲ್ಕು ನಿಮಿಷದಷ್ಟು ಮುಂದೆ. ನನ್ನ ಎದೆ ಕುಸಿಯಿತು. 'ಅಯ್ನೋರು ರೈಲು ತಪ್ಪಬಾರ್ದು ಅಂತ ವಾಚನ್ನ ನಾಲ್ಕು ನಿಮಿಷ ಮುಂದೆ ಇಟ್ಕೊಂಡಿರ್ತಾರೆ' ಎಂದಳು ಹುಡುಗಿ. ಅವರ ಎಚ್.ಎಂ.ಟಿ. ಗಡಿಯಾರದಿಂದ ನಾಲ್ಕು ನಿಮಿಷ ಕಳೆದೆವು. ಒಂಬತ್ತರಲ್ಲಿ ಎಂಟು, ಕೊಂಡಿ ಕಳಚಿದ ಗಳಿಗೆಗಳ ಮೇಲೆ ಬಂದು ಕೂತವು. ಸಾವ್ಕಾರರು ಅಷ್ಟಕ್ಕೇ ಬಿಡದೆ, ಆ ಎಂಟರಲ್ಲಿ ಒಬ್ಬನಾದ ಹಿಂದೂಪುರದ ಕಡೆಯ ರೈತ ಮಾರನೆಯ ದಿನ ಪ್ರಾಂಗಣಕ್ಕೆ ಬಂದಾಗ ನಿಲ್ಲಿಸಿ ಕೇಳಿದರು. 'ಅವುನು ಸಾಮಿ, ಆ ರೋಜೇ ತೀಸ್ಕುನ್ನಾ' ಎಂದ ಆತ, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಸಾವ್ಕಾರರೂ ನಾನೂ ಅಂದು ಸಂಜೆ ಅಯ್ನೋರ ಮನೆಗೆ ಹೋದೆವು. ಸಾವ್ಕಾರರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಚಾಪೆಯ ಮೇಲೆ ಕೂತು, 'ತಪ್ಪಾಯ್ತು ಅಯ್ನೋರೆ' ಎಂದರು. ನಾನು ಕತ್ತರಿಸಿದ ಜಾಕನ್ನು ಜೇಬಿನಿಂದ ತೆಗೆದೆ. ಅಯ್ನೋರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾವ ಎಳೆ ಎಲ್ಲಿರಬೇಕಿತ್ತು ಎಂದು ವಿವರವಾಗಿ ಕೇಳಿದರು. ಕೇಳಿ ಆದ ಮೇಲೆ, 'ಇದೇನು ಹೊಸದಲ್ಲ ಮರಿ. ರಾಮಯ್ಯನ ಖಾತೆಗೆ ಹಾಕೋದನ್ನ ಭೀಮಯ್ಯನ ಖಾತೆಗೆ ಹಾಕಿದ್ರೂ ಟ್ರಯಲ್ ಬ್ಯಾಲೆನ್ಸು ಕೂಡುತ್ತೆ. ಎರಡು ಕಡೆ ಮೊತ್ತ ಸಮ ಬಂತು ಅಂದ್ರೆ ಲೆಕ್ಕ ಸರಿ ಅಂತ ಅಲ್ಲ' ಎಂದರು. ನಾನು ಮೂರು ವಾರ ಹುಡುಕಿ, ಬೆಂಗಳೂರಿಗೆ ಹೋಗಿ ಕಲಿತದ್ದನ್ನು ಅವರು ಕೂತಲ್ಲೇ ಅರ್ಥಮಾಡಿಕೊಂಡಿದ್ದರು. 'ಆ ಒಂಬತ್ತನೇದು?' ಎಂದು ಅವರೇ ಕೇಳಿದರು. ಅದಕ್ಕೆ ಕಾರಣ ಸಿಗಲಿಲ್ಲ ಎಂದೆ. 'ಅದು ನನ್ನ ತಪ್ಪೇ ಇರಬಹುದು. ನಾಲ್ಕು ನೂರ ಐವತ್ತು. ಅದನ್ನ ನನ್ನ ಹೆಸರಿಗೇ ಹಾಕಿ' ಎಂದರು. ಸಾವ್ಕಾರರು ತಲೆ ತಗ್ಗಿಸಿದರು.

ಕೆಲಸಕ್ಕೆ ಮರಳಲು ಅವರು ಒಪ್ಪಲಿಲ್ಲ. ಕಣ್ಣು ಮಂಜಾಗುತ್ತಿದೆ ಎಂದರು. ಒಂದೇ ಒಂದು ಕೇಳಿಕೊಂಡರು. 'ಶನಿವಾರ ಮಾತು ಆಡಿದ್ದು ಹತ್ತು ಜನರ ಮುಂದೆ. ಇಲ್ಲಿ ಮನೆಯೊಳಗೆ ಹೇಳಿದ್ರೆ ಜಮಾಖರ್ಚು ಕೂಡಲ್ಲ.'

ಮರುದಿನ ಬೆಳಿಗ್ಗೆ ಹರಾಜಿಗೆ ಮೊದಲು ಗಲ್ಲಾದ ಮುಂದೆ ನಿಂತು ಹೇಳಿದೆ. ಅಯ್ನೋರು ಮೆಟ್ಟಿಲ ಕೆಳಗೆ ಕೊಡೆ ಹಿಡಿದು ನಿಂತಿದ್ದರು. ತಪ್ಪು ತಂತಿಯಲ್ಲಿತ್ತು, ತಂತಿ ಕಟ್ಟಿದವನು ನಾನು, ಅಯ್ನೋರ ಲೆಕ್ಕ ಸರಿ ಇತ್ತು ಎಂದೆ. ಹಮಾಲಿಗಳಲ್ಲಿ ಹಿರಿಯನೊಬ್ಬ 'ಅವತ್ತು ದೀಪ ಎಲ್ಲಾ ಹತ್ತಿದ್ವಲ್ಲಪ್ಪಾ?' ಎಂದು ಕೇಳಿದ. ಹತ್ತಿದ್ದವು ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಗಿರಾಕಿ ಕೈತಪ್ಪಲಿಲ್ಲ. ಸಾವ್ಕಾರರು ಎರಡು ಕಾರ್ಡಿನ ಹಣವನ್ನು ಮಾತ್ರ ಮುಂದಿನ ಬಿಲ್ಲಿನಲ್ಲಿ ಹಿಡಿದುಕೊಂಡರು, ಅದು ನ್ಯಾಯವೇ. ಮಂಡಿಯಲ್ಲಿ ಕಚ್ಚಾ ಪುಸ್ತಕ ಮತ್ತೆ ಶುರುವಾಯಿತು. ಅಯ್ನೋರು ತೀರಿಕೊಂಡು ಈಗ ಎಷ್ಟೋ ವರ್ಷವಾಯಿತು. ಈಗಿನ ಗಿಗಾಬಿಟ್ ಕಾರ್ಡುಗಳು ನಾಲ್ಕು ಜೋಡಿಯಲ್ಲೂ ಏಕಕಾಲಕ್ಕೆ ಮಾತಾಡುತ್ತ ಕೇಳುತ್ತವೆ. ಜೋಡಿ ತಪ್ಪಿದರೆ ಗುರುತಿಸಿ ಹೇಳುವ ಬೆಲೆಯುಳ್ಳ ಡಬ್ಬಿಯೂ ನನ್ನ ಬಳಿ ಇದೆ. ಹಳೆಯ ಕರಿ ಡಬ್ಬಿಯನ್ನು ನಾನು ಎಸೆದಿಲ್ಲ. ಅದು ಯಾವತ್ತೂ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು ಅಷ್ಟೇ.

ಅಂಗಡಿಗೆ ಕೆಲಸ ಕಲಿಯಲು ಹುಡುಗರು ಬರುತ್ತಾರೆ. ಎಲ್ಲಾದರೂ ಸರ್ವರ್ ಹೋಯಿತೆಂದು ಫೋನ್ ಬಂದರೆ ಮೊದಲು ಅವರ ಕೈ ಹೋಗುವುದು ಕಾರ್ಡಿಗೆ. ನಾನು ತಡೆದು ಒಂದು ಪ್ರಶ್ನೆ ಕೇಳುತ್ತೇನೆ. 'ಅಲ್ಲಿ ಕೊನೇ ಸಲ ಕೆಲಸ ಮಾಡಿದವರು ಯಾರು?' 'ನಾವೇ ಅಣ್ಣಾ' ಎನ್ನುತ್ತಾರೆ. 'ಹಾಗಾದ್ರೆ ಅಲ್ಲಿಂದ ಶುರು ಮಾಡಿ' ಎನ್ನುತ್ತೇನೆ.